ಎಳೆಯ ಎಡತುದಿ

ನಮ್ಮ ಬೀದಿಯ ತಿರುವಿನಲ್ಲಿ, ಗಡಿಯಾರ ರಿಪೇರಿಯವನ ಅಂಗಡಿಗೂ ಲಾಂಡ್ರಿಗೂ ನಡುವೆ, ಬಾಗಿಲಿಗಿಂತ ತುಸುವೇ ಅಗಲವಾದ ಮಳಿಗೆಯೊಂದಿದೆ. ಒಳಗೆ ಕಾಲಿಟ್ಟರೆ ನೆನೆದ ಬೆತ್ತದ ವಾಸನೆ ಮೂಗಿಗೆ ಬಡಿಯುತ್ತದೆ. ಗೋಡೆಯ ಮೊಳೆಗಳಿಗೆ ಕುರ್ಚಿಗಳು ತೂಗುಬಿದ್ದಿರುತ್ತವೆ. ಕೆಲವಕ್ಕೆ ಬೆನ್ನಿಲ್ಲ, ಕೆಲವಕ್ಕೆ ಕೂರುವ ಜಾಗವೇ ಇಲ್ಲ, ಬರೀ ಚೌಕಟ್ಟು. ಮೂಲೆಯಲ್ಲೊಂದು ಅಗಲ ಬೋಗುಣಿ, ಅದರ ನೀರಿನಲ್ಲಿ ಸುರುಳಿ ಸುತ್ತಿ ಮುಳುಗಿಸಿಟ್ಟ ಬೆತ್ತದ ಎಳೆಗಳು. ನಡುವೆ ಒಂದು ಗಿಡ್ಡ ಮಣೆ. ಆ ಮಣೆಯ ಮೇಲೆ ಕೂತಿರುವವರೇ ಕುರ್ಚಿಯಣ್ಣ.

ಜನ್ಮವಿಡೀ ಬೇರೆಯವರ ಕುರ್ಚಿ ಹೆಣೆದ ಮನುಷ್ಯ ತಾವು ಕುರ್ಚಿಯಲ್ಲಿ ಕೂತದ್ದನ್ನು ನಾವು ಯಾರೂ ನೋಡಿರಲಿಲ್ಲ. ಕೇಳಿದರೆ, "ಅಡುಗೆಯವನು ಎಲ್ಲರಿಗಿಂತ ಮೊದಲು ಊಟಕ್ಕೆ ಕೂರ್ತಾನೇನ್ರೀ?" ಎನ್ನುತ್ತಿದ್ದರು. ಯಾರಾದರೂ ಹರಿದ ಕುರ್ಚಿ ತಂದಿಳಿಸಿದರೆ ಅದರ ಕುಸಿದ ಜಾಗವನ್ನೊಮ್ಮೆ ನೋಡಿ, "ನಿಮ್ಮ ಯಜಮಾನರು ಒಂದು ಕಾಲು ಮೇಲೆ ಹಾಕ್ಕೊಂಡೇ ಪೇಪರ್ ಓದ್ತಾರೆ, ಅಲ್ವಾ?" ಎಂದು ಕೇಳಿ ತಂದವರನ್ನು ನಗಿಸುತ್ತಿದ್ದರು. ನಗದವರನ್ನು ಅವರು ನಂಬುತ್ತಿರಲಿಲ್ಲ.

ನಾನು ಅವರ ಪಕ್ಕದ ಮನೆಯವಳು. ಇಲ್ಲಿ ಹೇಳುವುದರಲ್ಲಿ ನಾನು ಕಣ್ಣಾರೆ ಕಂಡದ್ದು ಸ್ವಲ್ಪ, ಅವರ ಹೆಂಡತಿ ಹೇಳಿ ಕೇಳಿದ್ದು ಹೆಚ್ಚು. ಆಕೆಯನ್ನು ಬೀದಿಗೆ ಬೀದಿಯೇ ಅತ್ತಿಗೆ ಎನ್ನುತ್ತದೆ. ಮೊದಲು ಹಾಗೆ ಕರೆದವನು ಕುರ್ಚಿಯಣ್ಣನ ತಮ್ಮ. ದಿನವಿಡೀ ಅವನು "ಅತ್ತಿಗೆ, ನೀರು ಕೊಡಿ. ಅತ್ತಿಗೆ, ಚಾಕು ಎಲ್ಲಿ" ಎಂದು ಕೂಗುತ್ತಿದ್ದುದನ್ನು ಕೇಳಿ ಕೇಳಿ ಉಳಿದವರಿಗೂ ಅದೇ ಬಾಯಿಗೆ ಬಂತು.

ತಾಯಿ ತಂದೆ ಇಬ್ಬರೂ ಹೋದಾಗ ತಮ್ಮನಿಗೆ ಇನ್ನೂ ಹಾಲುಹಲ್ಲು. ಅವನನ್ನು ಸಾಕಿದ್ದು ಅಣ್ಣ ಅತ್ತಿಗೆಯೇ. ಬೆರಳು ಬಲಿಯುವ ಮೊದಲೇ ಅವನು ಮಳಿಗೆಗೆ ಬಂದು ಅಣ್ಣನ ಎಡಗಡೆ ಕೂತ. ಅವನು ಎಡಚ, ಆ ಕಡೆ ಕೂತರೆ ಎಳೆಯುವ ಕೈ ಹೊರಗೆ ಆಡಲು ಜಾಗ ಸಿಗುತ್ತಿತ್ತು. ಒಬ್ಬರು ಕೂರುವ ಕುರ್ಚಿಯನ್ನು ಒಬ್ಬರೇ ಹೆಣೆಯಬಹುದು. ಅಗಲವಾದದ್ದಕ್ಕೆ ಇಬ್ಬರು ಬೇಕು. ಚೌಕಟ್ಟಿನ ಸುತ್ತ ಸಾಲಾಗಿ ತೂತುಗಳಿರುತ್ತವೆ. ಮೊದಲು ಹಿಂದಿನಿಂದ ಮುಂದಕ್ಕೆ ಎಳೆಗಳನ್ನು ಹಾಸಬೇಕು, ಆಮೇಲೆ ಅಡ್ಡಡ್ಡಲಾಗಿ, ಆಮೇಲೆ ಓರೆಯಾಗಿ. ಅಡ್ಡ ಎಳೆಯನ್ನು ಬಲಗಡೆಯ ತೂತಿನಿಂದ ಅಣ್ಣ ದಾಟಿಸಿ ಕೊಡುತ್ತಿದ್ದರು, ತಮ್ಮ ಎಡಗಡೆಯ ತೂತಿನಲ್ಲಿ ಅದನ್ನು ಹೊರಗೆ ತೆಗೆದು ಜಗ್ಗುತ್ತಿದ್ದ. ಬಿಗಿಯಾದ ಮೇಲೆ ಚಿಕ್ಕದಾಗಿ ಎರಡು ಸಲ ಎಳೆಯುತ್ತಿದ್ದ. ಅಂದರೆ, ಇದು ಆಯಿತು, ಮುಂದಿನದು ಕೊಡು. ಆ ಎರಡು ಜಗ್ಗು ಅಣ್ಣನ ಬೆರಳಿಗೆ ಮುಟ್ಟುತ್ತಿತ್ತು. ಬಾಯಿ ಮಾತೇ ಬೇಕಿರಲಿಲ್ಲ. ಆದ್ದರಿಂದ ಇಬ್ಬರ ಬಾಯಿಯೂ ಬೇರೆ ಕೆಲಸಕ್ಕೆ ಪುರುಸೊತ್ತಾಗಿರುತ್ತಿತ್ತು. ಮಳಿಗೆಯಿಂದ ಯಾವಾಗಲೂ ಒಬ್ಬರನ್ನೊಬ್ಬರು ರೇಗಿಸುವ ಸದ್ದು.

ಆ ಸದ್ದು ನಿಂತದ್ದು ಒಂದು ಕೈಕುರ್ಚಿಯಿಂದ. ತಮ್ಮನಿಗೆ ಮದುವೆಯಾಗಿ ಮಗುವಾಗಿತ್ತು. ಆ ಮಗುವಿಗೆ ಜ್ವರ ಬಿಟ್ಟು ಬಿಟ್ಟು ಬರುತ್ತಿದ್ದ ದಿನಗಳವು. ನಿದ್ದೆಗೆಟ್ಟು ಬಂದು ಅವನು ಒಂದು ಕುರ್ಚಿ ಹೆಣೆದು ಮುಗಿಸಿದ. ಒಣಗಿದ ಮೇಲೆ ನೋಡಿದರೆ ಸಡಿಲ. ತೆಗೆದುಕೊಂಡು ಹೋಗಲು ಬಂದವರು ಎದುರಿಗೇ ನಿಂತಿದ್ದರು. ಅಣ್ಣ ಬೆರಳಿನಿಂದ ಒತ್ತಿ ನೋಡಿ, "ಇದೇನೋ, ಕುರ್ಚಿಯೋ ಜೋಲಿಯೋ?" ಎಂದರು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಚಾಕು ತೆಗೆದು ನಡುವಿನಿಂದ ಕತ್ತರಿಸಿಬಿಟ್ಟರು, ಚರ್ರೆಂದು, ಬಂದವರ ಮುಂದೆಯೇ. ತಮ್ಮ ಎದ್ದ. ಕೈಯಲ್ಲಿದ್ದ ದಬ್ಬಳವನ್ನು ಅದರ ಡಬ್ಬಿಯಲ್ಲಿಟ್ಟ, ಬೋಗುಣಿಯಲ್ಲಿ ಕೈ ತೊಳೆದುಕೊಂಡ, ಹೊರಟುಹೋದ. ಸೇತುವೆಯಾಚೆ ದೊಡ್ಡ ಪೀಠೋಪಕರಣದ ಅಂಗಡಿಯಲ್ಲಿ ಪ್ಲಾಸ್ಟಿಕ್ ಪಟ್ಟಿಯ ಕುರ್ಚಿ ಹೆಣೆಯುವ ಕೆಲಸಕ್ಕೆ ಸೇರಿದ.

ಅಲ್ಲಿಂದ ಇಬ್ಬರಿಗೂ ಮಾತಿಲ್ಲ. ಇವರು ಕರೆಯಲಿಲ್ಲ, ಅವನು ಬರಲಿಲ್ಲ. ಮಗುವಿನ ಜ್ವರ ಗುಣವಾಗಿ, ಅದು ಶಾಲೆಗೂ ಹೋಗತೊಡಗಿತು. ಕುರ್ಚಿಯಣ್ಣ ಅಗಲದ ಕೆಲಸ ಬಂದರೆ "ಈಗ ಆಗಲ್ಲ" ಎಂದು ವಾಪಸ್ ಕಳಿಸುತ್ತಿದ್ದರು. ಯಾಕೆ ಎಂದು ಕೇಳಿದರೆ ಸೊಂಟ ನೋವು ಎನ್ನುತ್ತಿದ್ದರು. ಅವರ ಸೊಂಟಕ್ಕೆ ಏನೂ ಆಗಿರಲಿಲ್ಲ ಎಂದು ಅತ್ತಿಗೆ ನನಗೆ ಹೇಳಿದ್ದರು.

ಲಕ್ವ ಹೊಡೆದದ್ದು ಒಂದು ಬೆಳಿಗ್ಗೆ, ಬೆತ್ತ ನೆನೆಹಾಕುವಾಗ. ಅತ್ತಿಗೆ ಚಹಾ ತಂದರೆ ಇವರು ಮಣೆಯ ಮೇಲೆ ಒಂದು ಪಕ್ಕಕ್ಕೆ ವಾಲಿ ಕೂತಿದ್ದಾರೆ. ಬಲಗೈಯಲ್ಲಿ ಎಳೆ ಬಿಡಿಸುತ್ತಿದ್ದಾರೆ. ಎಡಗೈ ಬೋಗುಣಿಯಲ್ಲಿ ಮೊಣಕೈವರೆಗೆ ಮುಳುಗಿದೆ, ತೋಳೆಲ್ಲ ತೊಯ್ದಿದೆ.

"ರೀ, ಕೈ ನೀರಲ್ಲೇ ಇದೆ."

"ಇದೆಯಲ್ಲ," ಎಂದು ಬಲಗೈ ಎತ್ತಿ ತೋರಿಸಿದರು. "ನೀರಲ್ಲಿ ಎಲ್ಲಿದೆ?"

"ಇನ್ನೊಂದು ಕೈ!"

"ಯಾವ ಇನ್ನೊಂದು?" ಎಂದು ಅವರು ನಿಜವಾಗಿಯೂ ಕೇಳಿದರು. ಆಗ ಬಾಯಿಯ ಒಂದು ಕೊನೆ ಕೆಳಗೆ ಜಾರಿದ್ದು ಅತ್ತಿಗೆಗೆ ಕಂಡಿತು. ಚಹಾದ ಲೋಟ ಎಲ್ಲಿಟ್ಟೆನೋ ಇವತ್ತಿಗೂ ನೆನಪಿಲ್ಲ ಎನ್ನುತ್ತಾರೆ.

ಆಸ್ಪತ್ರೆಯಲ್ಲಿ ಜೀವಕ್ಕೆ ಅಪಾಯವಿಲ್ಲ ಎಂದರು. ಎಡಗಾಲು, ಎಡಗೈ ಸೋತಿದ್ದವು, ಆದರೆ ಪೂರ್ತಿ ಬಿದ್ದಿರಲಿಲ್ಲ. ಮಾತು ಸ್ವಲ್ಪ ತೊದಲುತ್ತಿತ್ತು. ಹಾಸಿಗೆ ವಾರ್ಡಿನ ಕೊನೆಯಲ್ಲಿತ್ತು. ಬಲಪಕ್ಕಕ್ಕೆ ಗೋಡೆ, ಎಡಪಕ್ಕದಲ್ಲಿ ನೋಡಲು ಬಂದವರಿಗೆ ಒಂದು ಸ್ಟೂಲು. ಆಚೆ ಹಾಸಿಗೆಯಲ್ಲಿ ಕಾಲು ಮುರಿದುಕೊಂಡ ಲಾರಿ ಡ್ರೈವರ್ ಒಬ್ಬ.

ಪ್ರಜ್ಞೆ ತಿಳಿಯಾದ ದಿನದಿಂದ ಕುರ್ಚಿಯಣ್ಣ ಒಂದೇ ಮಾತು ಹಿಡಿದರು. "ತಮ್ಮನಿಗೆ ಹೇಳಿ ಕಳಿಸು. ಅವನಿಗೆ ಒಂದು ಮಾತು ಹೇಳೋದಿದೆ."

"ನನಗೆ ಹೇಳಿ, ನಾನು ಮುಟ್ಟಿಸ್ತೀನಿ."

"ಕತ್ತರಿಸಿದ್ದು ನೀನಲ್ಲವಲ್ಲ," ಎಂದರು.

ಅತ್ತಿಗೆ ಹೇಳಿ ಕಳಿಸಿದರು. ಮಾರನೆಯ ದಿನ ಅವರು ಔಷಧಿಗೆಂದು ಕೆಳಗೆ ಹೋಗಿ ಸಾಲಿನಲ್ಲಿ ನಿಂತು ಬರುವಷ್ಟರಲ್ಲಿ ಲಾರಿ ಡ್ರೈವರ್ ಮುಖ ಊದಿಸಿಕೊಂಡು ಕೂತಿದ್ದ.

"ತಪ್ಪು ತಿಳೀಬೇಡಿ ಅಕ್ಕ, ನಿಮ್ಮ ಯಜಮಾನರದ್ದು ಕಲ್ಲು ಮನಸ್ಸು. ಒಬ್ಬ ಬಂದಿದ್ದ. ಆ ಸ್ಟೂಲಿನ ಮೇಲೆ ಕೂತು ಕೈ ಹಿಸುಕ್ಕೊಳ್ತಾ ಇದ್ದ. ಕೊನೆಗೆ 'ಅಣ್ಣಾ' ಅಂದ. ಇವರು ನಿಧಾನಕ್ಕೆ ಗೋಡೆ ಕಡೆ ತಿರುಗಿಬಿಟ್ರು. ಇನ್ನೊಂದ್ಸಲ ಕರೆದ. ಇವರು ಗೋಡೆ ಬಿಟ್ಟು ಕಣ್ಣು ಕದಲಿಸಲಿಲ್ಲ. ಎದ್ದು ಹೋದ ಪಾಪ. ನನ್ನ ಕಾಲು ಸರಿಯಿದ್ದಿದ್ರೆ ನಾನೇ ಓಡಿ ಹೋಗಿ ಹಿಡ್ಕೊಂಡು ಬರ್ತಿದ್ದೆ."

ಅತ್ತಿಗೆಗೆ ಅಳುವೂ ಬಂತು, ಸಿಟ್ಟೂ ಬಂತು. ಗಂಡನ ಮುಖದ ಮೇಲೆ ಬಾಗಿ, "ತಮ್ಮ ಬಂದ್ರೆ ಗೋಡೆ ನೋಡಿದ್ರಂತೆ? ಇದಕ್ಕೇನಾ ಕರೆಸಿದ್ದು?" ಎಂದರು.

"ತಮ್ಮ ಬಂದನಾ?" ಕುರ್ಚಿಯಣ್ಣನ ಕಣ್ಣು ಅರಳಿದವು. "ಎಲ್ಲಿ? ಒಳಗೆ ಕರೀ ಅವನನ್ನ."

"ಬಂದು ಕೂತು ಹೋದ!"

"ಸುಳ್ಳು. ಬೆಳಿಗ್ಗೆಯಿಂದ ಒಂದು ನರಪಿಳ್ಳೆಯೂ ಬಂದಿಲ್ಲ. ಅವನು ಕರೆದ ಹಾಗೆ ಒಂದ್ಸಲ ಅನ್ನಿಸ್ತು. ಎಲ್ಲಿಂದ ಅಂತ ಹುಡುಕಿದೆ. ಬರೀ ಗೋಡೆ. ಕನಸು ಅಂದ್ಕೊಂಡೆ." ಗೋಡೆಯನ್ನು ಇನ್ನೊಮ್ಮೆ ನೋಡಿ, "ಒಳ್ಳೇ ಕನಸು," ಎಂದರು.

ಅತ್ತಿಗೆ ಸ್ಟೂಲಿನ ಮೇಲೆ ಕುಸಿದು ಕೂತರು. ಗಂಡನ ಬುದ್ಧಿಯೇ ಕದಡಿಹೋಯಿತೆಂದುಕೊಂಡರು. ತಮ್ಮ ಮತ್ತೆ ಬರಲಿಲ್ಲ. ಕುರ್ಚಿಯಣ್ಣ ಮಾತ್ರ ದಿನವೂ ಕೇಳುತ್ತಿದ್ದರು.

ನಿಜ ಏನೆಂದು ತಿಳಿದದ್ದು ಊಟದ ತಟ್ಟೆಯಿಂದ. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹೆಣ್ಣುಮಗಳು, ಎಲ್ಲರೂ ಆಕೆಯನ್ನು ಮೇಡಂ ಎನ್ನುತ್ತಿದ್ದರು, ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಬಂದರು. ಕುರ್ಚಿಯಣ್ಣ ತಟ್ಟೆಯ ಮೇಲೆ ಮುನಿಸಿಕೊಂಡಿದ್ದರು.

"ಏನ್ರೀ ಇದು, ಗುಬ್ಬಿಗೆ ಹಾಕಿದ ಹಾಗೆ ಹಾಕ್ತಾರೆ. ನಾನೇನು ಗುಬ್ಬೀನಾ?"

ತಟ್ಟೆಯ ಬಲ ಅರ್ಧ ತೊಳೆದಿಟ್ಟಂತೆ ಖಾಲಿ. ಎಡ ಅರ್ಧದಲ್ಲಿ ಬಡಿಸಿದ್ದು ಬಡಿಸಿದ ಹಾಗೇ ಇತ್ತು. ಮೇಡಂ ತಟ್ಟೆಯನ್ನು ಹಿಡಿದು ತಿರುಗಿಸಿ ಇಟ್ಟರು.

"ಹಾಂ, ಈಗ ತಂದ್ರು ನೋಡು," ಎಂದು ಕುರ್ಚಿಯಣ್ಣ ಮತ್ತೆ ಊಟಕ್ಕೆ ತೊಡಗಿದರು.

ಅತ್ತಿಗೆ ಬಿಟ್ಟ ಕಣ್ಣು ಬಿಟ್ಟ ಹಾಗೇ ನೋಡುತ್ತಿದ್ದರು. ಮೇಡಂ ಅವರನ್ನು ಹೊರಗೆ ಕರೆದುಕೊಂಡು ಹೋಗಿ ತಿಳಿಸಿ ಹೇಳಿದರು. "ಕಣ್ಣಿಗೆ ಏನೂ ಆಗಿಲ್ಲಮ್ಮ. ಕಣ್ಣು ನೋಡುತ್ತೆ, ಗಮನ ಅಲ್ಲಿಗೆ ಹೋಗೋದಿಲ್ಲ. ಮಿದುಳಿನ ಬಲಭಾಗಕ್ಕೆ ಪೆಟ್ಟಾದ್ರೆ ಕೆಲವರಿಗೆ ಹೀಗಾಗುತ್ತೆ. ಎಡಗಡೆ ಅನ್ನೋದೊಂದಿದೆ ಅಂತಲೇ ಅವರಿಗೆ ಹೊಳೆಯಲ್ಲ. ಆ ಕಡೆಯಿಂದ ಯಾರಾದ್ರೂ ಕರೆದ್ರೂ ಬಲಗಡೆಯೇ ಹುಡುಕ್ತಾರೆ. ಅದು ಹಟ ಅಲ್ಲ, ಮರೆವೂ ಅಲ್ಲ."

"ಕರೆದ್ರೂ?" ಎಂದರು ಅತ್ತಿಗೆ. "ಎಡಗಡೆ ಸ್ಟೂಲಿನ ಮೇಲೆ ಕೂತು ಕರೆದ್ರೂ?"

"ಕರೆದ್ರೂ."

ಅತ್ತಿಗೆ ಅಲ್ಲೇ ಗೋಡೆಗೆ ಒರಗಿ ನಿಂತರು. ನನಗೆ ಇದನ್ನು ಹೇಳುವಾಗಲೂ ಅವರ ಕೈ ಎದೆಯ ಮೇಲಿತ್ತು. "ದೇವರ ಹತ್ತಿರ ನಾನು ಯಾವತ್ತೂ ದೊಡ್ಡದೇನೂ ಕೇಳಿದವಳಲ್ಲ. ಅವತ್ತು ಕೇಳಿದೆ. ಇವರ ಗಮನಾನ ಒಂದೇ ಒಂದು ಮೊಳ ಈ ಕಡೆ ತಿರುಗಿಸಪ್ಪಾ, ಅಷ್ಟು ಸಾಕು ಅಂದೆ."

ಮನೆಗೆ ಬಂದ ಮೇಲೆ ಅದರ ಪೂರಾ ರೂಪ ಕಂಡಿತು. ಮಳಿಗೆಯ ಹಿಂದೆಯೇ ಮನೆ, ಎರಡೇ ಕೋಣೆ. ಆ ಎರಡು ಕೋಣೆಯಲ್ಲಿ ಕುರ್ಚಿಯಣ್ಣ ಎಡತೋಳನ್ನು ಬಾಗಿಲ ಚೌಕಟ್ಟಿಗೆ ಬಡಿದುಕೊಂಡು ನೀಲಿ ಮಾಡಿಕೊಂಡರು. ಬಡಿದಾಗಲೆಲ್ಲ ಬಾಗಿಲನ್ನೇ ಬೈದರು. ಬಲಗಾಲಿಗೆ ಚಪ್ಪಲಿ ಹಾಕಿಕೊಂಡು ಕೋಲೂರಿ ಹೊರಟುಬಿಡುತ್ತಿದ್ದರು. ತಲೆಯನ್ನು ಬಲಗಡೆ ಮಾತ್ರ ಬಾಚಿಕೊಳ್ಳುತ್ತಿದ್ದರು. ಒಂದು ದಿನ ಹಟ ಹಿಡಿದು ತಾವೇ ಕನ್ನಡಿ ಮುಂದೆ ಕೂತು ಗಡ್ಡ ಹೆರೆದುಕೊಂಡರು. ಬಲಗೆನ್ನೆ ನುಣ್ಣಗೆ, ಎಡಗೆನ್ನೆಯಲ್ಲಿ ಬಿಳಿ ಕೂಳೆ.

"ಇನ್ನರ್ಧ ಯಾರಿಗೆ ಬಿಟ್ರಿ?" ಎಂದರು ಅತ್ತಿಗೆ.

"ಯಾವ ಇನ್ನರ್ಧ? ಮದುಮಗನ ಹಾಗೆ ಕಾಣ್ತಾ ಇದ್ದೀನಿ."

"ಅರ್ಧ ಮದುಮಗ," ಎಂದು ನಗುತ್ತಲೇ ಅತ್ತಿಗೆ ಬ್ಲೇಡು ತೆಗೆದುಕೊಂಡರು. ಅವರ ಬೆರಳು ಎಡಗೆನ್ನೆಗೆ ತಗುಲಿದಾಗ ಕುರ್ಚಿಯಣ್ಣ ಬೆಚ್ಚಿದರು. ಅಲ್ಲೂ ಒಂದು ಕೆನ್ನೆ ಇದೆಯೆಂದು ಆಗಷ್ಟೇ ಯಾರೋ ನೆನಪಿಸಿದಂತೆ.

ಹಾಗೆಂದು ಎಲ್ಲವೂ ನಗುವುದಕ್ಕೇ ಇರಲಿಲ್ಲ. ಕೆಲವು ದಿನ ಅವರು ಮಧ್ಯಾಹ್ನ ಪೂರ್ತಿ ಬಾಗಿಲ ಕಡೆ ನೋಡುತ್ತ ಕೂರುತ್ತಿದ್ದರು. ಬಾಗಿಲೆಂದರೆ ಅವರ ಬಲಕ್ಕಿದ್ದ ಅಡುಗೆಮನೆಯ ಬಾಗಿಲು. ಬೀದಿಬಾಗಿಲು ಎಡಕ್ಕಿತ್ತು. ತಮ್ಮ ಬರುವುದಾದರೆ ಯಾವ ಕಡೆಯಿಂದ ಬರುತ್ತಾನೋ ಆ ಕಡೆಯೇ ಅವರ ಪಾಲಿಗಿರಲಿಲ್ಲ.

ಅತ್ತಿಗೆ ಸೇತುವೆ ದಾಟಿ ತಮ್ಮನ ಅಂಗಡಿಗೆ ಹೋದರು. ಅಂಗಡಿಯ ಹಿಂಬದಿಯಲ್ಲಿ, ಬಣ್ಣಬಣ್ಣದ ಪ್ಲಾಸ್ಟಿಕ್ ಪಟ್ಟಿಗಳ ಉಂಡೆಗಳ ನಡುವೆ ಅವನು ಕೂತಿದ್ದ. ಅವರನ್ನು ಕಂಡು ಎದ್ದು ನಿಂತ, ಕೂರಲು ಕುರ್ಚಿ ಹಾಕಿದ, ನೀರು ತರಿಸಿದ. ಅತ್ತಿಗೆ ತಟ್ಟೆ, ಗೋಡೆ, ಗಡ್ಡ ಎಲ್ಲವನ್ನೂ ಹೇಳಿದರು. ಅವನು ತಲೆ ತಗ್ಗಿಸಿ ಕೇಳಿದ.

"ಅಲ್ಲ ಅತ್ತಿಗೆ, ಕಣ್ಣು ಸರಿ ಇದೆ, ಕಿವಿ ಸರಿ ಇದೆ, ನಾನು ಮಾತ್ರ ಕಾಣಲ್ಲ. ಇದು ಯಾವ ಸೀಮೆ ಕಾಯಿಲೆ?"

"ನಾನೂ ಹಾಗೇ ಅಂದ್ಕೊಂಡಿದ್ದೆ ಕಣಪ್ಪ."

"ನೀವು ನನ್ನ ಸಮಾಧಾನಕ್ಕೆ ಹೇಳ್ತೀರಿ. ಚಿಕ್ಕಂದಿನಿಂದ ಹಾಗೇ. ಅವನು ಹೊಡೆದ್ರೆ ಬೆಲ್ಲ ಕೊಟ್ಟು, ಅಣ್ಣ ಕೊಟ್ಟಿದ್ದು ಅಂತಿದ್ರಿ."

ಅದು ನಿಜವೇ ಆಗಿತ್ತು.

"ಎರಡು ಸಲ ಕರೆದೆ ಅತ್ತಿಗೆ," ಎಂದ ಅವನು. "ಮೂರನೇ ಸಲ ಕರೆಯದೆ ಎದ್ದು ಬಂದೆ."

"ಬಂದು ನೋಡು ಒಂದು ಸಲ. ಮಾತಾಡಬೇಡ, ಸುಮ್ಮನೆ ನೋಡು. ನಂಬಿಕೆ ಬರದಿದ್ರೆ ವಾಪಸ್ ಹೋಗು. ನಾನು ತಡೆಯಲ್ಲ, ಇನ್ನೊಂದು ಸಲ ಕರೆಯೋದೂ ಇಲ್ಲ."

ಅವನು ಪ್ಲಾಸ್ಟಿಕ್ ಪಟ್ಟಿಯ ತುದಿಯನ್ನು ಮತ್ತೆ ಕೈಗೆತ್ತಿಕೊಂಡ. ಅತ್ತಿಗೆ ವಾಪಸ್ ಬಂದರು. ಮನೆಯಲ್ಲಿ ಗಂಡ, "ಎಲ್ಲಿ ಹೋಗಿದ್ದೆ? ಇಷ್ಟು ಹೊತ್ತು ಒಬ್ಬನೇ ಕೂತಿದ್ದೆ," ಎಂದರು. ನಾನು ಅವರ ಎಡಗಡೆ ಕೂತು ಹೂಕೋಸು ಬಿಡಿಸುತ್ತಿದ್ದೆ.

ಆ ವಾರದಲ್ಲೇ ಫೋಟೋ ಸ್ಟುಡಿಯೋದವರು ಇಬ್ಬರು ಕೂರುವ ಒಂದು ಬೆಂಚು ತಂದಿಳಿಸಿದರು. ಹೊಸದಾಗಿ ಮದುವೆಯಾದವರನ್ನು ಕೂರಿಸಿ ಫೋಟೋ ತೆಗೆಯುವ ಬೆಂಚು, ಕಾಲುಗಳಿಗೆ ಕೆತ್ತನೆ, ಕೂರುವ ಜಾಗ ಹರಿದು ಜೋತುಬಿದ್ದಿತ್ತು. ಇವರಿಗೆ ಹುಷಾರಿಲ್ಲವೆಂದು ಅವರಿಗೆ ತಿಳಿದಿರಲಿಲ್ಲ. ಅತ್ತಿಗೆ ವಾಪಸ್ ಕಳಿಸಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಕುರ್ಚಿಯಣ್ಣ ಒಳಗಿನಿಂದ, "ಇಳಿಸಿ ಹೋಗಲಿ. ಆತುರ ಮಾಡಬಾರದು ಅಂತ ಹೇಳು," ಎಂದರು.

ಮೇಡಂ ವಾರಕ್ಕೊಮ್ಮೆ ಮನೆಗೇ ಬರುತ್ತಿದ್ದರು. ಅವರು ಬೇಡ ಎನ್ನಲಿಲ್ಲ. "ಬಲಗೈ ಗಟ್ಟಿಯಾಗಿದೆ, ಮಾಡಲಿ ಬಿಡಿ. ಎಡಗೈಯನ್ನೂ ಬೆಂಚಿನ ಮೇಲೆ ಇಡಿಸಿ. ಚಾಕು ಮಾತ್ರ ನಿಮ್ಮ ಹತ್ತಿರ ಇರಲಿ," ಎಂದು ಬೆಂಚಿನ ಎಡತುದಿಗೆ ಕೆಂಪು ಟೇಪು ಸುತ್ತಿದರು. "ಕೆಂಪು ಕಾಣುವವರೆಗೆ ತಲೆ ತಿರುಗಿಸಬೇಕು ಯಜಮಾನ್ರೇ. ಕೆಂಪು ಕಂಡಿಲ್ಲ ಅಂದ್ರೆ ಇನ್ನೂ ಇದೆ ಅಂತ ಅರ್ಥ." ಕುರ್ಚಿಯಣ್ಣ ಹೇಳಿದಾಗ ತಿರುಗುತ್ತಿದ್ದರು, ಕೆಂಪು ನೋಡುತ್ತಿದ್ದರು, "ಇದೆ" ಎನ್ನುತ್ತಿದ್ದರು. ಎಳೆ ಕೈಗೆ ಬಂದ ಕ್ಷಣ ಗಮನ ಮತ್ತೆ ಬಲಕ್ಕೆ ಜಾರಿಬಿಡುತ್ತಿತ್ತು.

ಹಿಂದಿನಿಂದ ಮುಂದಕ್ಕೆ ಹಾಸಿನ ಎಳೆಗಳನ್ನು ಅವರು ಒಂದೊಂದಾಗಿ ಎಳೆದರು. ಮೊದಲು ಹತ್ತು ಎಳೆಯುವ ಹೊತ್ತಿನಲ್ಲಿ ಈಗ ಒಂದು. ಬಾಯಲ್ಲಿ ತುದಿ ಕಚ್ಚಿ ಹಿಡಿದು, ಬಲಗೈಯಲ್ಲಿ ಜಗ್ಗಿ, ಜಾರದಂತೆ ತೂತಿಗೆ ಮರದ ಬೆಣೆ ಒತ್ತಿ. ಎಳೆದದ್ದೆಲ್ಲ ತಂತಿಯ ಹಾಗೆ ಬಿಗಿ. ಬೆಂಚಿನ ಬಲಕೊನೆಯಿಂದ ಶುರುವಾಗಿ ನಟ್ಟನಡುವಿಗೆ ಬಂದು ನಿಂತಿತು.

ಅವತ್ತು ಮಧ್ಯಾಹ್ನ ಬಿಸಿಲು ಮಳಿಗೆಯ ನೆಲದ ಮೇಲೆ ಬಿದ್ದಿತ್ತು. ಕುರ್ಚಿಯಣ್ಣ ಹಾಸನ್ನು ಬೆರಳಿನಿಂದ ಮೀಟಿ, ಬಂದ ನಾದಕ್ಕೆ ತಲೆದೂಗಿ, "ಹಾಸು ಮುಗೀತು ಕಣೇ. ನೋಡು ಹೇಗಿದೆ. ಇನ್ನು ಅಡ್ಡ ಎಳೆ," ಎಂದರು. ಅತ್ತಿಗೆ ಬೋಗುಣಿಯಿಂದ ಎಳೆ ತೆಗೆದು ಕೊಡಲು ಬಾಗಿದವರು ತಲೆ ಎತ್ತಿದರೆ ಬೀದಿಬಾಗಿಲಲ್ಲಿ ತಮ್ಮ ನಿಂತಿದ್ದಾನೆ.

ಅವನು ಯಾವಾಗ ಬಂದನೋ ತಿಳಿಯದು. ಅಣ್ಣನ ಮುಖದ ಕಡೆ ನೋಡುತ್ತಿರಲಿಲ್ಲ. ಬೆಂಚನ್ನು ನೋಡುತ್ತಿದ್ದ. ಬಲ ಅರ್ಧದಲ್ಲಿ ಒಂದೂ ತಪ್ಪಿಲ್ಲದ ಎಳೆಸಾಲು, ಎಡ ಅರ್ಧದಲ್ಲಿ ಖಾಲಿ ತೂತುಗಳು, ಕೊನೆಯಲ್ಲಿ ಕೆಂಪು ಟೇಪು. ಅದರ ಮುಂದೆ ಕೂತು, ಮುಗಿಯಿತು ಎಂದು ಸಂತೋಷಪಡುತ್ತಿದ್ದ ಅಣ್ಣ. ಒಂದು ಕುರ್ಚಿ ಸಡಿಲವಾಗಿದ್ದಕ್ಕೆ ನಾಲ್ಕು ಜನರ ಮುಂದೆ ಚಾಕು ಹಾಕಿದ ಅಣ್ಣ.

ಅತ್ತಿಗೆ ಹೇಳಿದ ಯಾವ ಮಾತಿಗೂ ಬಾರದ ನಂಬಿಕೆ ಅವನಿಗೆ ಆ ಖಾಲಿ ತೂತುಗಳಿಂದ ಬಂತು. ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

ಅತ್ತಿಗೆ ಸನ್ನೆ ಮಾಡಿದರು: ಈ ಕಡೆ ಬಾ, ಬಲಗಡೆ ಬಾ, ಕಾಣುವ ಕಡೆ. ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ಎರಡು ಹೆಜ್ಜೆ ಬಲಕ್ಕೂ ಇಟ್ಟ. ಆದರೆ ಅಣ್ಣನ ಎದುರಿಗೆ ನಿಂತು ಏನು ಹೇಳುವುದು? ಅವನ ಕಾಲು ತಾನಾಗಿ ಹಿಂದೆ ಸರಿದು ಹಳೆಯ ಜಾಗ ಹುಡುಕಿತು. ಬೆಂಚಿನ ಎಡತುದಿಯಲ್ಲಿ, ನೆಲದ ಮೇಲೆ, ಕೆಂಪು ಟೇಪಿನ ಪಕ್ಕ ಅವನು ಕೂತುಕೊಂಡ.

ಕುರ್ಚಿಯಣ್ಣ ಅಡ್ಡ ಎಳೆಯ ಒಂದು ತುದಿಯನ್ನು ಬಲಗಡೆಯ ತೂತಿಗೆ ಹಾಕಿ ಬೆಣೆ ಒತ್ತಿದರು. ಇನ್ನೊಂದು ತುದಿಯನ್ನು ಹಾಸಿನ ಮೇಲೆ ಎಡಕ್ಕೆ ಚಿಮ್ಮಿದರು. ಚಿಮ್ಮುವುದು ಕೈಗೆ ಬಂದ ಹಳೆಯ ಅಭ್ಯಾಸ. ಎಲ್ಲಿಗೆ ಚಿಮ್ಮಿದೆ ಎನ್ನುವುದು ಮಾತ್ರ ಮನಸ್ಸಿಗಿಲ್ಲ. ಒದ್ದೆ ಎಳೆ ಖಾಲಿ ಅರ್ಧದ ಮೇಲೆ ಹಾರಿ ಬಂದು ತಮ್ಮನ ಮೊಣಕಾಲಿನ ಮೇಲೆ ಬಿತ್ತು.

ಅವನು ಅದನ್ನು ತೆಗೆದುಕೊಂಡ. ತನ್ನೆದುರಿನ ತೂತಿನಲ್ಲಿ ಇಳಿಸಿ, ಕೆಳಗಿನಿಂದ ಎಡಗೈಯಲ್ಲಿ ಜಗ್ಗಿ, ಬಿಗಿ ಮಾಡಿದ. ಆಮೇಲೆ ಚಿಕ್ಕದಾಗಿ ಎರಡು ಸಲ ಎಳೆದ.

ಕುರ್ಚಿಯಣ್ಣನ ಬಲಗೈ ಎಳೆಯ ಮೇಲೆ ಹಾಗೇ ನಿಂತಿತು.

ಅತ್ತಿಗೆ ಹೇಳುವುದು ಹೀಗೆ: "ಮಲಗಿದ ಮಗು ತಾಯಿ ಧ್ವನಿ ಕೇಳಿ ಕಣ್ಣು ಬಿಡೋ ಮೊದಲು ಹುಬ್ಬು ಎತ್ತುತ್ತಲ್ಲ, ಹಾಗೆ ಎತ್ತಿದ್ರು."

ಮೊದಲು ಕುರ್ಚಿಯಣ್ಣ ತಲೆಯನ್ನು ಬಲಕ್ಕೇ ತಿರುಗಿಸಿದರು. ಅಲ್ಲಿ ಗೋಡೆಯ ಕುರ್ಚಿಗಳು. ಮತ್ತೆ ಬೆರಳನ್ನು ನೋಡಿಕೊಂಡರು. ಎಳೆ ಬೆರಳಿನ ಕೆಳಗೆ ಬಿಗಿಯಾಗಿ ನಿಂತಿತ್ತು, ಆಚೆ ಯಾರೋ ಹಿಡಿದಿರುವ ಎಳೆ ನಿಲ್ಲುವ ಹಾಗೆ. ಅವರು ಬೆರಳನ್ನು ಅದರ ಮೇಲೆ ಎಡಕ್ಕೆ ಜಾರಿಸಿದರು. ಸ್ವಲ್ಪ ಹೋಗಿ ನಿಂತರು. ಎಳೆ ಇನ್ನೂ ಇತ್ತು. ಬೆರಳು ಮತ್ತೆ ಮುಂದೆ ಹೋಯಿತು, ಅದರ ಹಿಂದೆಯೇ ಕಣ್ಣು. ಹಾಸು ಮುಗಿದ ಜಾಗ ಬಂತು. ಖಾಲಿ ಅರ್ಧ ಬಂತು. "ಇದೇನಿದು, ಇಲ್ಲಿ ಏನೂ ಇಲ್ಲ," ಎಂದು ಗೊಣಗಿದರು. ಬೆರಳು ನಿಲ್ಲಲಿಲ್ಲ. ಮೈಯೂ ಅದರ ಜೊತೆ ವಾಲಿತು. ತಾವು ಮರೆತ ತಮ್ಮದೇ ಎಡಗೈಯನ್ನು ಬೆಂಚಿನ ಮೇಲೆ ಕಂಡು, ಅದನ್ನು ದಾಟಿ ಹೋದರು. ಕೆಂಪು ಟೇಪು ಬಂತು. ಟೇಪಿನ ಆಚೆ ಎಳೆಯನ್ನು ಹಿಡಿದಿದ್ದ ಒಂದು ಕೈ, ಹೆಬ್ಬೆರಳಿನ ಮೇಲೆ ಹಳೆಯ ದಬ್ಬಳದ ಗಾಯ.

ಕುರ್ಚಿಯಣ್ಣ ಆ ಕೈಯನ್ನು ಹಿಡಿದುಕೊಂಡು ಅಲ್ಲಿಂದ ಮೇಲಕ್ಕೆ ನೋಡಿದರು.

"ಎಲ್ಲೋ ಹೋಗಿದ್ದೆ?" ಎಂದರು.

"ಇಲ್ಲೇ ಇದ್ದೆ ಅಣ್ಣ."

"ಇಲ್ಲಿ ಯಾಕೋ ಕೂರ್ತೀಯ, ಯಾರಿಗೂ ಕಾಣದ ಕಡೆ?"

"ನೀನೇ ಕೂರಿಸಿದ ಜಾಗ," ಎಂದ ತಮ್ಮ. ಅಳುತ್ತಿದ್ದ, ನಗುತ್ತಲೂ ಇದ್ದ.

ಕುರ್ಚಿಯಣ್ಣ ಅವನ ಕೈ ಬಿಡಲಿಲ್ಲ. ಬಿಟ್ಟರೆ ಮತ್ತೆ ಸಿಗುವುದಿಲ್ಲವೆಂದು ಅವರಿಗೆ ಎಲ್ಲೋ ತಿಳಿದಿತ್ತೆಂದು ಕಾಣುತ್ತದೆ. ತೊದಲುವ ನಾಲಿಗೆಯನ್ನು ನಿಧಾನಕ್ಕೆ ಹಿಡಿತಕ್ಕೆ ತಂದುಕೊಂಡರು.

"ಅವತ್ತು ಕತ್ತರಿಸಬಾರದಿತ್ತು."

"ಸಡಿಲ ಇತ್ತಣ್ಣ ಅದು."

"ಇತ್ತು. ಜೋಲಿ ಹಾಗೇ ಇತ್ತು." ಅದನ್ನು ಅವರು ಬಿಟ್ಟುಕೊಡಲಿಲ್ಲ. "ಆದ್ರೂ ಕತ್ತರಿಸಬಾರದಿತ್ತು. ಮಗು ಹೇಗಿದೆಯೋ ಅಂತ ಕೇಳಬೇಕಿತ್ತು. ಹೇಗಿದೆ ಮಗು?"

"ನನ್ನ ಭುಜದವರೆಗೆ ಬಂದಿದ್ದಾಳೆ. ಎಡಚಿ."

"ಎಡಚಿಯಾ!" ಎಂದು ಕುರ್ಚಿಯಣ್ಣ ಹೆಂಡತಿಯ ಕಡೆ ತಿರುಗಿದರು. "ಕೇಳಿದ್ಯೇನೇ? ಅದೂ ಎಡಚಿಯಂತೆ!"

ತಿರುಗಿದ್ದೇ ತಪ್ಪಾಯಿತು. ಅತ್ತಿಗೆ ಬಲಗಡೆ ಇದ್ದರು. ಸಂತೋಷದಲ್ಲಿ ಕೈಯೂ ಸಡಿಲವಾಯಿತು. ಅತ್ತಿಗೆಗೆ ಮಾತು ಹೇಳಿ ಮುಗಿಸಿ ಸುತ್ತ ನೋಡಿದವರ ಮುಖ ಮೆಲ್ಲಗೆ ಕಳೆಗುಂದಿತು. "ಈಗ ಇಲ್ಲೇ ಇದ್ದನಲ್ಲ. ಹೋದನಾ?"

ತಮ್ಮ ಬಾಯಿ ತೆರೆದವನು ಅತ್ತಿಗೆಯ ಮುಖ ನೋಡಿದ. ಬಗ್ಗಿ ಎಳೆಯನ್ನು ಹಿಡಿದು ಎರಡು ಸಲ ಜಗ್ಗಿದ.

ಕುರ್ಚಿಯಣ್ಣನ ಬೆರಳು ಎಳೆಯನ್ನು ಹುಡುಕಿತು. ಅದರ ಮೇಲೆ ಎಡಕ್ಕೆ ಹೊರಟಿತು.

ಆ ಬೆಂಚು ಮುಗಿಯಲು ಬಹಳ ಕಾಲ ಹಿಡಿಯಿತು. ತಮ್ಮ ಕೆಲಸ ಮುಗಿಸಿ ಸೇತುವೆ ದಾಟಿ ಬರುತ್ತಿದ್ದ, ರಜೆಯ ದಿನ ಬೆಳಿಗ್ಗೆಯೇ ಬರುತ್ತಿದ್ದ. ಎಡ ಅರ್ಧದ ಹಾಸನ್ನು ಅವನು ಹಾಕಿದ. ಅಣ್ಣ ಬೆರಳಿನಲ್ಲಿ ಮೀಟಿ ನೋಡಿ ಒಂದು ಎಳೆ ಬಿಚ್ಚಿಸಿದರು. ಅವನು ಬೈದುಕೊಂಡೇ ಮತ್ತೆ ಎಳೆದ. ಮೇಡಂ ಅದನ್ನೆಲ್ಲ ನೋಡಿ, ತಾವು ಸುತ್ತಿದ ಕೆಂಪು ಟೇಪಿಗಿಂತ ಇದು ಮೇಲು ಎಂದರು. ಪೂರ್ತಿ ಗುಣವಾಗುತ್ತದೆಂದು ಅವರು ಮಾತು ಕೊಡಲಿಲ್ಲ, ಅತ್ತಿಗೆಯೂ ಕೇಳಲಿಲ್ಲ. ದೇವರ ಹತ್ತಿರ ಕೇಳಿದ್ದ ಒಂದು ಮೊಳ ಸಿಕ್ಕಿತ್ತು. ಕೊಟ್ಟವನಿಗೆ ಮತ್ತೆ ಕೈಯೊಡ್ಡಲು ನಾಚಿಕೆ ಎಂದರು ನನ್ನ ಹತ್ತಿರ.

ಕುರ್ಚಿಯಣ್ಣ ಈಗಲೂ ಚೌಕಟ್ಟಿಗೆ ತೋಳು ಬಡಿದುಕೊಳ್ಳುತ್ತಾರೆ, ಬಾಗಿಲನ್ನು ಬೈಯುತ್ತಾರೆ. ಗಡ್ಡದ ಎಡಪಾಲು ಅತ್ತಿಗೆಯದೇ. ಆದರೆ ಅಗಲದ ಕೆಲಸ ಬಂದರೆ ಬೇಡ ಎನ್ನುವುದಿಲ್ಲ. ಸಂಜೆ ನಾನು ಮಹಡಿಯಲ್ಲಿ ಬಟ್ಟೆ ತೆಗೆಯುವಾಗ ಮಳಿಗೆಯಿಂದ ಮಾತು ಕೇಳುತ್ತದೆ. ಕೆಲಸದ ನಡುವೆ ಎಷ್ಟೋ ಸಲ ಅವರ ಗಮನ ಜಾರಿಹೋಗುತ್ತದೆ. ಆಗ ಅವರು ತಲೆ ಎತ್ತದೆಯೇ, ಕತ್ತಲೆಯಲ್ಲಿ ಪಕ್ಕದವರನ್ನು ಕೇಳುವ ಹಾಗೆ, "ಇದ್ದೀಯೇನೋ?" ಎನ್ನುತ್ತಾರೆ.

ಉತ್ತರದ ಮಾತು ಕೇಳಿಸುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರದೇ ದನಿ ಮತ್ತೆ ಬರುತ್ತದೆ: "ಹ್ಞಾಂ. ತಗೋ, ಮುಂದಿನದು."